ಹಳಿ ಕಿತ್ತುಹೋದ ರೈಲು ದಾರಿಯಲ್ಲಿ ಟೆಂಟ್ ಹೊತ್ತು ನಡೆಯುವವರಿಗೆ

ಬೆಟ್ಟದಲ್ಲಿ ಹಳೇ ರೈಲು ದಾರಿ ಸಿಕ್ಕಿತು ಅನ್ನೋದು ಕಣ್ಣಿಗಿಂತ ಮೊದಲು ಕಾಲಿಗೆ ಗೊತ್ತಾಗುತ್ತದೆ. ಇಷ್ಟು ಹೊತ್ತು ಏದುಸಿರು ಬಿಡಿಸುತ್ತಿದ್ದ ದಾರಿ ಒಮ್ಮೆಲೇ ಸಲೀಸಾಗುತ್ತದೆ. ಅಗಲ ಒಂದೇ ಸಮ. ಏರು ಇದೆಯೋ ಇಲ್ಲವೋ ಎನ್ನುವಷ್ಟು ಕಡಿಮೆ. ತಿರುವುಗಳು ಉದ್ದಕ್ಕೆ, ನಿಧಾನಕ್ಕೆ ಬರುತ್ತವೆ. ಕಾಲುದಾರಿ ಹೀಗಿರುವುದಿಲ್ಲ, ಜೀಪಿನ ದಾರಿಯೂ ಹೀಗಿರುವುದಿಲ್ಲ. ಬೂಟಿನ ತುದಿಯಿಂದ ಎಲೆ ಸರಿಸಿ ನೋಡಿ. ಕೆಳಗೆ ಚೂಪು ಅಂಚಿನ ಜಲ್ಲಿ ಕಂಡರೆ ಖಾತ್ರಿ.

ನನ್ನ ಅಪ್ಪ ರೈಲ್ವೆಯಲ್ಲಿ ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್ ಆಗಿದ್ದರು. ಹಳಿ ಪಕ್ಕದಲ್ಲೇ ಬೆಳೆದವಳು ನಾನು. ಆದರೂ ರೈಲಿಗಿಂತ ರೈಲು ಹೋಗಿಬಿಟ್ಟ ಜಾಗಗಳ ಹುಚ್ಚು ನನಗೆ ಯಾಕೆ ಹತ್ತಿತೋ ಗೊತ್ತಿಲ್ಲ. ಹದಿನೈದು ವರ್ಷದಿಂದ, ವರ್ಷಕ್ಕೆ ಎರಡು ಸಲವಾದರೂ, ಟೆಂಟ್ ಹೊತ್ತು ಇಂಥ ದಾರಿ ಹುಡುಕಿ ಹೋಗುತ್ತೇನೆ. ಜೊತೆಗೆ ಹೆಚ್ಚಾಗಿ ನನ್ನ ತಮ್ಮ ಇರುತ್ತಾನೆ. ಅಪ್ಪ ಹೇಳುತ್ತಿದ್ದ ಒಂದು ಮಾತು ಈ ಕೆಲಸಕ್ಕೆ ಸಾಕು: ಉಗಿ ಎಂಜಿನ್ನಿಗೆ ಎರಡೇ ಭಯ, ಏರು ಮತ್ತು ಬಾಯಾರಿಕೆ. ಏರನ್ನು ಓದಲು ಬಂದರೆ ದಾರಿ ಸಿಗುತ್ತದೆ. ನೀರನ್ನು ಓದಲು ಬಂದರೆ ಟೆಂಟ್ ಹಾಕುವ ಜಾಗ ಸಿಗುತ್ತದೆ.

ಮೊದಲು ನಕ್ಷೆ

ಅರ್ಧ ಕೆಲಸ ಮನೆಯಲ್ಲೇ ಆಗಬೇಕು. ಕಬ್ಬಿಣದ ಗಾಲಿ ಕಬ್ಬಿಣದ ಹಳಿ ಮೇಲೆ ಜಾರುತ್ತದೆ. ಅದಕ್ಕೇ ಸಾಮಾನ್ಯ ರೈಲು ಕಡಿದಾದ ಏರು ಹತ್ತುವುದಿಲ್ಲ. ಬೆಟ್ಟದ ಲೈನುಗಳಲ್ಲಿ 40ಕ್ಕೆ 1 ಅಂದರೇ ಜೋರು ಏರು. ಅಂದರೆ ಒಂದು ಕಿಲೋಮೀಟರಿಗೆ 25 ಮೀಟರ್ ಎತ್ತರ. ಈಗ ಎತ್ತರದ ಗೆರೆಗಳಿರುವ ನಕ್ಷೆ ತೆಗೆಯಿರಿ. ಗೆರೆಗೂ ಗೆರೆಗೂ 20 ಮೀಟರ್ ಅಂತರ ಇದ್ದರೆ, 40ಕ್ಕೆ 1ರ ದಾರಿ ಒಂದು ಗೆರೆ ದಾಟಿ ಇನ್ನೊಂದು ದಾಟಲು 800 ಮೀಟರ್ ಬೇಕು. ಹಾಗಾಗಿ ಅದು ಗೆರೆಗಳ ಜೊತೆಜೊತೆಗೇ ಬೆಟ್ಟ ತಬ್ಬಿಕೊಂಡು ಹೋಗುತ್ತದೆ. ಕಣಿವೆ ಬಂದರೆ ಒಳಗೆ ಹೊಕ್ಕು ಸುತ್ತಿ ಹೊರಗೆ ಬರುತ್ತದೆ. ಸುತ್ತಲು ಜಾಗ ಇಲ್ಲದ ಕಡೆ ಸುರಂಗ, ಸೇತುವೆ, ಇಲ್ಲವೇ ಹಿಂದೆ ಮುಂದೆ ಮಾಡಿ ಹತ್ತುವ ಝಿಗ್‌ಝ್ಯಾಗ್.

ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಇಂಟರ್ನೆಟ್ ನಕ್ಷೆಯಲ್ಲಿ ನಿಂತುಹೋದ ಎಷ್ಟೋ ಲೈನುಗಳನ್ನು ಜನ ಗುರುತಿಸಿಟ್ಟಿದ್ದಾರೆ. ಹಳೇ ಸರ್ವೇ ನಕ್ಷೆ ಸಿಕ್ಕರೆ ಇನ್ನೂ ಒಳ್ಳೆಯದು. ಲೈನ್ ಓಡುತ್ತಿದ್ದ ಕಾಲದ್ದು ಒಂದು, ಈಗಿನದು ಒಂದು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕೆಲವು ದೇಶಗಳಲ್ಲಿ ಲೈಡಾರ್ ಚಿತ್ರಗಳು ಪುಕ್ಕಟೆ ಸಿಗುತ್ತವೆ. ವಿಮಾನದಿಂದ ಲೇಸರ್ ಬಿಟ್ಟು, ಮರಗಳನ್ನು ಲೆಕ್ಕದಿಂದ ತೆಗೆದು, ಬರೀ ನೆಲದ ಆಕಾರ ತೋರಿಸುವ ಚಿತ್ರ ಅದು. ದಟ್ಟ ಕಾಡಿನ ಕೆಳಗಿರುವ ಏರಿ (ಹಳಿಗೆ ಅಂತ ಮಣ್ಣು ಸುರಿದು ಎತ್ತರಿಸಿದ ದಿಬ್ಬ), ಕಟಿಂಗ್ (ಗುಡ್ಡ ಕಡಿದು ಮಾಡಿದ ದಾರಿ) ಎಲ್ಲ ಅದರಲ್ಲಿ ಉಗುರಿನಿಂದ ಗೀರಿದಂತೆ ಕಾಣುತ್ತವೆ. ಮೊದಲ ಸಲ ನೋಡಿದಾಗ ರಾತ್ರಿ ಎರಡರ ತನಕ ಎದ್ದಿದ್ದೆ.

ನಕ್ಷೆಯ ಮುಂದೆ ಕೂತಾಗಲೇ ಇನ್ನೊಂದು ಲೆಕ್ಕ ಮಾಡಿ. ಇದು ಹೊಸಬರು ಯಾವಾಗಲೂ ತಪ್ಪುವ ಜಾಗ. ರೈಲು ದಾರಿ ಚಪ್ಪಟೆ ಅಲ್ವಾ, ಗಂಟೆಗೆ ನಾಲ್ಕು ಕಿಲೋಮೀಟರ್ ಆರಾಮ ಅಂದುಕೊಳ್ಳುತ್ತಾರೆ. ಹೌದು, ದಾರಿ ಇರುವ ತನಕ. ಸೇತುವೆ ಬಿದ್ದುಹೋದ ಕಡೆ ನೀವು ಹಳ್ಳಕ್ಕೆ ಇಳಿದು, ನೀರು ದಾಟಿ, ಆ ಕಡೆ ಪೊದೆ ಹಿಡಿದು ಹತ್ತಬೇಕು. ಒಂದೊಂದಕ್ಕೆ ಮುಕ್ಕಾಲು ಗಂಟೆ ಅಂದುಕೊಳ್ಳಿ. ನಾನು ಈಗ ಕಿಲೋಮೀಟರ್ ಎಣಿಸುವುದನ್ನೇ ಬಿಟ್ಟಿದ್ದೇನೆ. ಬಿದ್ದ ಸೇತುವೆ ಎಷ್ಟು ಅಂತ ಎಣಿಸುತ್ತೇನೆ. ದಿನಕ್ಕೆ ನಾಲ್ಕಕ್ಕಿಂತ ಜಾಸ್ತಿ ಇದ್ದರೆ ಆ ದಾರಿಯನ್ನು ಎರಡು ದಿನಕ್ಕೆ ಹಂಚುತ್ತೇನೆ.

ಯಾರ ಜಾಗ, ರೈಲು ಬರುತ್ತದೆಯೇ

ಹಳಿ ಕಿತ್ತರೂ ಜಾಗ ರೈಲ್ವೆಯದ್ದೇ ಆಗಿರಬಹುದು. ಅರಣ್ಯದ್ದಾಗಿರಬಹುದು, ಖಾಸಗಿಯವರದ್ದೂ ಆಗಿರಬಹುದು. ಕೇಳದೆ ಹೋಗಬೇಡಿ. ಟೆಂಟ್ ಹಾಕಲು ಬೇರೆಯೇ ಅನುಮತಿ ಬೇಕಾಗುತ್ತದೆ ಅನ್ನೋದು ನೆನಪಿರಲಿ.

ಹಳಿ ಇನ್ನೂ ಇದ್ದರೆ ಅದರ ನೆತ್ತಿ ನೋಡಿ. ಹೊಳೆಯುತ್ತಿದ್ದರೆ ರೈಲು ಓಡುತ್ತಿದೆ, ಸುತ್ತ ಎಷ್ಟೇ ಹುಲ್ಲು ಬೆಳೆದಿರಲಿ. ತುಕ್ಕು ಹಿಡಿದಿದ್ದರೂ ನಂಬುವ ಹಾಗಿಲ್ಲ. ತಿಂಗಳಿಗೊಂದು ಗಾಡಿ ಬರುವ ಲೈನಿನಲ್ಲೂ ತುಕ್ಕು ಇರುತ್ತದೆ. ಹಳಿ ಇರುವ ದಾರಿಯಲ್ಲಿ ನಾನು ನಡೆಯುವುದೇ ಇಲ್ಲ. ಪಕ್ಕದಲ್ಲಿ ಹಾದಿ ಇದ್ದರೆ ಅಲ್ಲಿಂದ ನೋಡುತ್ತೇನೆ, ಇಲ್ಲದಿದ್ದರೆ ಬೇರೆ ಲೈನ್ ಹುಡುಕುತ್ತೇನೆ.

ಟೆಂಟ್ ಎಲ್ಲಿ

ಈಗ ಬಾಯಾರಿಕೆಯ ವಿಷಯ. ಏರು ಹತ್ತುವ ಉಗಿ ಎಂಜಿನ್ ನೀರನ್ನು ಗಟಗಟ ಕುಡಿಯುತ್ತದೆ. ಅದಕ್ಕೆ ಬೆಟ್ಟದ ಲೈನಿನಲ್ಲಿ ಸ್ವಲ್ಪ ಸ್ವಲ್ಪ ದೂರಕ್ಕೆ ನೀರಿನ ಟ್ಯಾಂಕ್ ಕಟ್ಟಿರುತ್ತಿದ್ದರು. ಟ್ಯಾಂಕ್ ಹೋಗಿರುತ್ತದೆ. ಅದು ಕೂತಿದ್ದ ಕಲ್ಲಿನ ಕಟ್ಟೆಯೋ ಕಂಬಗಳೋ ಉಳಿದಿರುತ್ತವೆ. ಕಾಡಿನ ಮಧ್ಯೆ ಸುಮ್ಮನೆ ನಿಂತ ದುಂಡನೆಯ ಕಲ್ಲು ಕಟ್ಟೆ ಕಂಡರೆ ಅದೇ ಇರಬಹುದು. ಪಂಪ್ ಇಲ್ಲದ ಕಡೆ ಮೇಲಿನ ತೊರೆಯಿಂದ ಪೈಪಿನಲ್ಲಿ ನೀರು ತಾನಾಗಿ ಇಳಿದುಬರುತ್ತಿತ್ತು. ಪೈಪಿನ ತುಂಡು ಸಿಕ್ಕರೆ ಅದರ ಜಾಡು ಹಿಡಿದು ಮೇಲೆ ಹೋಗಿ. ನೂರು ವರ್ಷದ ಹಿಂದೆ ಯಾರೋ ಎಂಜಿನಿಯರ್ ಬೇಸಿಗೆಯಲ್ಲೂ ಬತ್ತದ ನೀರು ಯಾವುದು ಅಂತ ಹುಡುಕಿಟ್ಟಿದ್ದಾರೆ. ಅದು ಇವತ್ತಿಗೂ ಹೆಚ್ಚಿನ ಕಡೆ ಸುಳ್ಳಾಗುವುದಿಲ್ಲ. ಕುದಿಸಿ ಅಥವಾ ಫಿಲ್ಟರಿನಲ್ಲಿ ಸೋಸಿ ಕುಡಿಯಿರಿ, ಅಷ್ಟೇ.

ಟ್ಯಾಂಕ್ ಇದ್ದ ಕಡೆ ಗಾಡಿ ನಿಲ್ಲುತ್ತಿತ್ತು. ನಿಲ್ಲುವ ಜಾಗ ಸಮತಟ್ಟಾಗಿರಬೇಕು. ನಿಮಗೆ ಬೇಕಾಗಿದ್ದೂ ಅದೇ ಅಲ್ವಾ? ಪಕ್ಕದಲ್ಲಿ ಇನ್ನೊಂದು ಹಳಿ ಇದ್ದ ಅಗಲ ಜಾಗ ಸಿಗುತ್ತದೆ, ಕೆಲವೊಮ್ಮೆ ಪ್ಲಾಟ್‌ಫಾರಂ ಕೂಡ. ಆದರೆ ಒಂದು ಎಚ್ಚರ. ನೆಲ ಕಪ್ಪಾಗಿದ್ದು, ಗಾಜಿನಂತೆ ಹೊಳೆಯುವ ತೂತು ತೂತಾದ ಹಗುರ ಕಲ್ಲುಗಳಿದ್ದರೆ ಅದು ಎಂಜಿನ್ನಿನ ಬೂದಿ ಸುರಿದ ಜಾಗ. ಬೂದಿ, ಎಣ್ಣೆ, ಕಲ್ಲಿದ್ದಲು ಎಲ್ಲ ಸೇರಿದ ಮಣ್ಣು. ಅಲ್ಲಿ ಮಲಗಬೇಡಿ, ಅದರ ಕೆಳಗಡೆಯಿಂದ ನೀರೂ ತೆಗೆಯಬೇಡಿ.

ಜಲ್ಲಿ ಮೇಲೆ ಟೆಂಟಿನ ಗೂಟ ಇಳಿಯುವುದಿಲ್ಲ. ತಾನಾಗಿ ನಿಲ್ಲುವ ಟೆಂಟ್ ಒಯ್ಯಿರಿ. ಹಗ್ಗಕ್ಕೆ ಕಲ್ಲು ಕಟ್ಟಿ. ಏರಿಯ ಮೇಲೆ ಗಾಳಿ ಜಾಸ್ತಿ. ಮೋರಿಯ ಒಳಗೆ ನೆರಳಿದೆ, ಮರಳಿದೆ, ಬೆಚ್ಚಗಿದೆ ಅಂತ ಮಲಗುವವರೂ ಇದ್ದಾರೆ. ಮೋರಿ ಇರೋದೇ ನೀರು ಹೋಗಲಿಕ್ಕೆ. ಸುರಂಗದ ಬಾಯಲ್ಲಿ ಮಲಗುವುದೂ ಬೇಡ. ಕಲ್ಲು ಸಡಿಲವಾಗಿ ಬೀಳುವುದು ಒಳಗಿಗಿಂತ ಬಾಯಲ್ಲೇ ಜಾಸ್ತಿ.

ಇನ್ನು ಕಟಿಂಗ್. ಇದನ್ನು ನಾನು ಅನುಭವಿಸಿಯೇ ಕಲಿತಿದ್ದು. ಎರಡೂ ಕಡೆ ಬಂಡೆ ಕಡಿದು ಮಧ್ಯೆ ದಾರಿ ಮಾಡಿದ ಜಾಗ. ಆ ದಿನ ಗಾಳಿ ಬೀಸುತ್ತಿತ್ತು, ಅಲ್ಲಿ ಮಾತ್ರ ಎಲೆಯೂ ಅಲ್ಲಾಡುತ್ತಿರಲಿಲ್ಲ. ಇದಕ್ಕಿಂತ ಒಳ್ಳೆಯ ಜಾಗ ಸಿಗೋದಿಲ್ಲ ಅಂತ ನಾನೇ ಹಟ ಮಾಡಿ ಟೆಂಟ್ ಹಾಕಿಸಿದೆ. ಕತ್ತಲಾಗುತ್ತಲೇ ಮೇಲಿನ ಇಳಿಜಾರಿನ ತಣ್ಣನೆ ಗಾಳಿಯೆಲ್ಲ ನೀರಿನ ಹಾಗೆ ಇಳಿದು ಅದರೊಳಗೆ ತುಂಬಿಕೊಂಡಿತು. ಮೈಲಿ ದೂರದ ಬಯಲಿಗಿಂತ ಅಲ್ಲೇ ಚಳಿ. ಮಧ್ಯರಾತ್ರಿ ಮಳೆ. ಕಟಿಂಗಿನ ಎರಡೂ ಅಂಚಿಗೆ ಚರಂಡಿ ಇರುತ್ತದೆ, ಗ್ಯಾಂಗಿನವರು ವರ್ಷವರ್ಷ ಅದನ್ನು ಕೆರೆದು ಚೊಕ್ಕಟ ಮಾಡುತ್ತಿದ್ದರು. ಅಪ್ಪ ಮಳೆಗಾಲದ ಮುಂಚೆ ಅದೇ ಕೆಲಸಕ್ಕೆ ಹೋಗುತ್ತಿದ್ದದ್ದು ನನಗೆ ನೆನಪಿದೆ. ಗ್ಯಾಂಗ್ ಇಲ್ಲದ ಮೇಲೆ ಚರಂಡಿ ಮುಚ್ಚಿ ಎಷ್ಟೋ ವರ್ಷವಾಗಿರುತ್ತದೆ ಅನ್ನೋದು ಮಾತ್ರ ಆ ಸಂಜೆ ಹೊಳೆಯಲಿಲ್ಲ. "ಅಕ್ಕಾ, ನನ್ನ ಬೂಟು ತೇಲ್ತಾ ಇದೆ" ಅಂತ ತಮ್ಮ ಎಬ್ಬಿಸಿದಾಗ ನನ್ನ ಮಲಗುವ ಚೀಲ ಮೊಣಕಾಲಿನ ತನಕ ನೆನೆದಿತ್ತು. ಬೆಳಗಿನ ತನಕ ಇಬ್ಬರೂ ಏರಿಯ ಮೇಲೆ ಟೆಂಟಿನ ಬಟ್ಟೆ ಹೊದ್ದು ಕೂತಿದ್ದೆವು.

ಒಣಗಿಸಿಕೊಳ್ಳಲು ಬೆಂಕಿ ಹಾಕೋಣ ಅಂದ ತಮ್ಮ ಹಳೇ ಸ್ಲೀಪರಿನ, ಅಂದರೆ ಹಳಿಯ ಕೆಳಗೆ ಅಡ್ಡ ಹಾಕುವ ದಿಮ್ಮಿಯ, ತುಂಡು ಎಳೆದು ತಂದಿದ್ದ. ಅದನ್ನು ವಾಪಸ್ ಇಡಿಸಿದ್ದು ಆ ರಾತ್ರಿ ನಾನು ಮಾಡಿದ ಒಂದೇ ಬುದ್ಧಿವಂತಿಕೆ. ಮರದ ಸ್ಲೀಪರ್ ಕೊಳೆಯದಿರಲಿ ಅಂತ ಅದಕ್ಕೆ ಕ್ರಿಯೊಸೋಟ್ ಎಂಬ ಟಾರಿನ ಎಣ್ಣೆ ಕುಡಿಸಿರುತ್ತಾರೆ. ಚೆನ್ನಾಗಿ ಹತ್ತಿಕೊಳ್ಳುತ್ತದೆ, ಆದರೆ ಹೊಗೆ ವಿಷ. ಅದರ ಮೇಲೆ ಅಡುಗೆ ಮಾಡುವುದಂತೂ ದೂರದ ಮಾತು, ಬರಿಗೈಯಲ್ಲಿ ಮುಟ್ಟಿದರೂ ಕೆಲವರಿಗೆ ಚರ್ಮ ಉರಿಯುತ್ತದೆ. ಒಲೆಗೆ ಗ್ಯಾಸಿನ ಡಬ್ಬಿ ಒಯ್ಯಿರಿ.

ಉಳಿದಿದ್ದನ್ನು ಓದುವುದು

ಎಲ್ಲರೂ ಸುರಂಗಕ್ಕೆ ಓಡುತ್ತಾರೆ. ನನ್ನ ಕೇಳಿದರೆ ನಿಜವಾದ ಮಜಾ ನೆಲದಲ್ಲಿದೆ. ಸಂಜೆ ಬಿಸಿಲು ಓರೆಯಾಗಿ ಬೀಳುವ ಹೊತ್ತಿಗೆ ದಾರಿಯ ಮೇಲೆ ಕೂತು, ಕಣ್ಣು ನೆಲದ ಮಟ್ಟಕ್ಕೆ ತಂದು ನೋಡಿ. ಸಾಲು ಸಾಲಾಗಿ ಅಡ್ಡ ತಗ್ಗುಗಳು ಕಾಣುತ್ತವೆ. ಒಂದೊಂದರ ನಡುವೆ ಎರಡಡಿ, ಸ್ವಲ್ಪ ಹೆಚ್ಚು ಕಡಿಮೆ. ಸ್ಲೀಪರ್ ಕಿತ್ತ ಗುರುತು ಅದು. ಮಧ್ಯಾಹ್ನ ಅದೇ ಜಾಗ ಬರೀ ಚಪ್ಪಟೆ ಕಂಡಿರುತ್ತದೆ. ಇದಕ್ಕೇ ನಾನು ದಾರಿಯ ಪಕ್ಕದಲ್ಲೇ ಟೆಂಟ್ ಹಾಕಬೇಕು ಅನ್ನುವುದು. ದಿನದ ಪ್ರವಾಸದಲ್ಲಿ ಬಂದವರು ಆ ಹೊತ್ತಿಗೆ ಗಾಡಿ ಹತ್ತಿ ಹೋಗಿರುತ್ತಾರೆ.

ತಗ್ಗಿನ ಉದ್ದ ಅಳೆಯಿರಿ. ಗೇಜ್, ಅಂದರೆ ಎರಡು ಹಳಿಗಳ ನಡುವಿನ ಅಂತರ, ಅದರಿಂದ ಅಂದಾಜಾಗುತ್ತದೆ. ಎಂಟೂವರೆ ಅಡಿ ಆಸುಪಾಸು ಇದ್ದರೆ 1435 ಮಿಲಿಮೀಟರಿನ ಸ್ಟ್ಯಾಂಡರ್ಡ್ ಗೇಜ್ ಇದ್ದಿರಬಹುದು. ಆರಡಿ ಇದ್ದರೆ ಮೀಟರ್ ಗೇಜ್. ಇನ್ನೂ ಚಿಕ್ಕದಾದರೆ ಎರಡಡಿ, ಎರಡೂವರೆ ಅಡಿಯ ನ್ಯಾರೋ ಗೇಜ್. ಬೆಟ್ಟದಲ್ಲಿ ನ್ಯಾರೋ ಗೇಜ್ ಜಾಸ್ತಿ, ಯಾಕೆಂದರೆ ಅದು ಇಕ್ಕಟ್ಟಾದ ತಿರುವು ತಿರುಗುತ್ತದೆ. ಬಂಡೆ ಕಡಿಯುವ ಖರ್ಚು ಉಳಿಯುತ್ತದೆ.

ಹಳಿಯ ತುಂಡು ಸಿಕ್ಕರೆ ಅದರ ಸೊಂಟ ನೋಡಿ, ಅಂದರೆ ನೆತ್ತಿಗೂ ಪಾದಕ್ಕೂ ನಡುವಿನ ತೆಳು ಭಾಗ. ಅಲ್ಲಿ ಉಬ್ಬಿದ ಅಕ್ಷರಗಳಿರುತ್ತವೆ. ಹಳಿ ತಯಾರಿಸಿದ ಕಾರ್ಖಾನೆ, ವರ್ಷ, ತೂಕ. ಹಳೇ ಹಳಿಗಳ ತೂಕ ಗಜಕ್ಕೆ ಎಷ್ಟು ಪೌಂಡ್ ಅಂತ ಇರುತ್ತದೆ. 60 ಅಂತಿದ್ದರೆ ಮೀಟರಿಗೆ ಸುಮಾರು 30 ಕಿಲೋ, ಹಗುರದ ಹಳಿ. ಅಮೆರಿಕದ ಹಳಿಗಳಲ್ಲಿ ವರ್ಷದ ಪಕ್ಕ ನಿಂತ ಗೆರೆಗಳಿರುತ್ತವೆ, ಎಷ್ಟು ಗೆರೆಯೋ ಅಷ್ಟನೇ ತಿಂಗಳು. ತುಕ್ಕಿನಿಂದ ಓದಲಾಗದಿದ್ದರೆ ಕೆರೆಯಬೇಡಿ. ಕತ್ತಲಾದ ಮೇಲೆ ಟಾರ್ಚನ್ನು ಹಳಿಗೆ ತಾಗಿಸಿ ಓರೆಯಾಗಿ ಬಿಡಿ, ಅಕ್ಷರ ಎದ್ದು ಬರುತ್ತದೆ. ಇಲ್ಲದಿದ್ದರೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ, ಚಿಕ್ಕವರಿದ್ದಾಗ ನಾಣ್ಯಕ್ಕೆ ಮಾಡುತ್ತಿದ್ದೆವಲ್ಲ, ಹಾಗೆ. ಆದರೆ ಹಳಿಯ ವರ್ಷವೇ ಲೈನಿನ ವರ್ಷ ಅಂದುಕೊಳ್ಳಬೇಡಿ. ಮುಖ್ಯ ಲೈನಿನಲ್ಲಿ ಸವೆದ ಹಳಿಯನ್ನು ಕಿತ್ತು ಸಣ್ಣ ಲೈನಿಗೆ ಹಾಕುವುದು ಎಲ್ಲ ಕಡೆ ಇದ್ದದ್ದೇ.

ನನಗೆ ಎಲ್ಲಕ್ಕಿಂತ ಇಷ್ಟ ಬಂಡೆಯ ಮೇಲಿನ ಗೀರು. ಕಟಿಂಗಿನ ಗೋಡೆಯಲ್ಲಿ ಅರ್ಧ ಕೊಳವೆಯಂಥ ಉದ್ದನೆ ಗೀರುಗಳಿರುತ್ತವೆ. ಸಿಡಿಮದ್ದು ತುಂಬಲು ಕೊರೆದ ತೂತು ಅದು. ಸ್ಫೋಟವಾದಾಗ ಅರ್ಧ ಬಂಡೆಯ ಜೊತೆ ಹೋಗಿ, ಅರ್ಧ ಗೋಡೆಯಲ್ಲಿ ಉಳಿದಿದೆ. ಅದರೊಳಗೆ ಹೆಬ್ಬೆರಳಿಟ್ಟು ಎಳೆಯಿರಿ. ಮಷೀನಿನಲ್ಲಿ ಕೊರೆದದ್ದು ನುಣ್ಣಗೆ, ದುಂಡಗೆ, ನೇರ. ಕೈಯಲ್ಲಿ ಕೊರೆದದ್ದು ಹಾಗಲ್ಲ. ಒಬ್ಬ ಉಳಿ ಹಿಡಿದು ಪ್ರತಿ ಏಟಿಗೂ ಸ್ವಲ್ಪ ತಿರುಗಿಸುತ್ತಿದ್ದ, ಇನ್ನಿಬ್ಬರು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ತಿರುಗಿಸಿದ್ದು ಒಂದೇ ಸಮ ಆಗದೆ ತೂತಿಗೆ ಮೂಲೆ ಬರುತ್ತದೆ. ಆ ಮೂಲೆ ಬೆರಳಿಗೆ ಸಿಗುತ್ತದೆ.

ಸುರಂಗ, ಸೇತುವೆ

ಮರದ ಸೇತುವೆ ಮೇಲೆ ಕಾಲಿಡಬೇಡಿ. ಮರ ಒಳಗಿನಿಂದ ಕೊಳೆಯುತ್ತದೆ, ಹೊರಗೆ ಗಟ್ಟಿಯಾಗೇ ಕಾಣುತ್ತದೆ. ಕೆಳಗಿಳಿದು ದಾಟಿ. ಕೆಳಗಿನಿಂದಲೇ ಅದು ಚೆಂದ ಕೂಡ.

ಸುರಂಗಕ್ಕೆ ಹೋಗಲು ಬಿಡುತ್ತಾರೆ ಅಂತ ಗೊತ್ತಿದ್ದರೆ ಮಾತ್ರ ಹೋಗಿ. ತಲೆಗೆ ಹೆಲ್ಮೆಟ್. ಒಬ್ಬೊಬ್ಬರಿಗೆ ಎರಡೆರಡು ದೀಪ, ಮೊಬೈಲ್ ಲೆಕ್ಕಕ್ಕಿಲ್ಲ. ಬಾಯಲ್ಲಿ ನಿಂತು ಮುಖಕ್ಕೆ ಗಾಳಿ ಬಡಿಯುತ್ತದೆಯೇ ನೋಡಿ. ಆ ಕಡೆ ತೆರೆದಿದ್ದರೆ ಸಾಮಾನ್ಯವಾಗಿ ಗಾಳಿ ಆಡುತ್ತದೆ. ಗಾಳಿ ಇಲ್ಲ, ಆ ತುದಿಯ ಬೆಳಕೂ ಇಲ್ಲ ಅಂದರೆ ವಾಪಸ್. ಮುಚ್ಚಿಹೋದ ಸುರಂಗದಲ್ಲಿ ಉಸಿರಾಡುವ ಗಾಳಿ ಕೆಟ್ಟಿರಬಹುದು. ಆಮೇಲೆ ನೆಲ ನೋಡಿ. ಬಿದ್ದ ಕಲ್ಲಿನ ಮೈ ಮಸಿ ಹಿಡಿದಿದ್ದರೆ ಹಳೇದು. ಒಡೆದ ಮೈ ತಾಜಾ ಕಂಡರೆ ಛಾವಣಿ ಇನ್ನೂ ಬೀಳುತ್ತಿದೆ. ಗೋಡೆಯಲ್ಲಿ ಅಲ್ಲಲ್ಲಿ ಒಬ್ಬರು ನಿಲ್ಲುವಷ್ಟು ಗೂಡು ಇರುತ್ತದೆ. ಗಾಡಿ ಬಂದಾಗ ಗ್ಯಾಂಗಿನವರು ಬೆನ್ನು ಒತ್ತಿ ನಿಲ್ಲುತ್ತಿದ್ದ ಜಾಗ.

ಬಾವಲಿ ಇದ್ದರೆ, ಅದರಲ್ಲೂ ಚಳಿಗಾಲದಲ್ಲಿ, ಒಳಗೆ ಹೋಗಬೇಡಿ. ಚಳಿಗಾಲದ ನಿದ್ದೆಯಿಂದ ಎದ್ದರೆ ಅವು ಕೂಡಿಟ್ಟ ಕೊಬ್ಬು ಖರ್ಚಾಗಿ ಸಾಯಬಹುದು. ಉತ್ತರ ಅಮೆರಿಕದಲ್ಲಿ 2006ರಿಂದ ಬಾವಲಿಗಳ ಮೂಗಿಗೆ ಬಿಳಿ ಬೂಷ್ಟು ಹಿಡಿಯುವ ರೋಗ ಬಂದು ಲಕ್ಷಗಟ್ಟಲೆ ಸತ್ತಿವೆ. ಆ ಬೂಷ್ಟು ಬೂಟಿನ ಮಣ್ಣಿನಲ್ಲೂ ಒಂದು ಸುರಂಗದಿಂದ ಇನ್ನೊಂದಕ್ಕೆ ಹೋಗಬಲ್ಲದು. ಬೂಟು ತೊಳೆದೇ ಮುಂದಿನ ಜಾಗಕ್ಕೆ ಹೋಗಿ.

ತಗಡಿನ ಸಣ್ಣ ಚಪ್ಪಟೆ ಡಬ್ಬಿ, ಎರಡು ಕಡೆ ಮಡಚುವ ಪಟ್ಟಿ ಇರುವಂಥದ್ದು ಕಂಡರೆ ಮುಟ್ಟಬೇಡಿ. ಮಂಜಿನಲ್ಲಿ ಡ್ರೈವರಿಗೆ ಎಚ್ಚರಿಕೆ ಕೊಡಲು ಹಳಿ ಮೇಲೆ ಕಟ್ಟುತ್ತಿದ್ದ ಪಟಾಕಿ ಅದು. ಒಳಗೆ ನಿಜವಾದ ಮದ್ದಿರುತ್ತದೆ.

ಎಲ್ಲಿಂದ ಶುರು ಮಾಡುವುದು

ಮೊದಲ ಸಲಕ್ಕೆ ನಾನು ಹೇಳುವುದು ನ್ಯೂಜಿಲೆಂಡಿನ ರೆಮುಟಾಕಾ. 1878ರಿಂದ 1955ರ ತನಕ ಓಡಿದ ಲೈನ್. ಈಗ ನಡೆಯುವ, ಸೈಕಲ್ ಹೊಡೆಯುವ ದಾರಿ. ಸುರಂಗಗಳಲ್ಲಿ ಹೋಗಲು ಬಿಡುತ್ತಾರೆ. ಅಲ್ಲಿಯ ಏರು 15ಕ್ಕೆ 1. ಮಾಮೂಲಿ ಎಂಜಿನ್ನಿಗೆ ಆಗದ ಮಾತು. ಅದಕ್ಕೆ ಎರಡು ಹಳಿಗಳ ನಡುವೆ ಎತ್ತರಕ್ಕೆ ಮೂರನೇ ಹಳಿ ಹಾಕಿ, ಎಂಜಿನ್ನಿನ ಹೊಟ್ಟೆ ಕೆಳಗಿನ ಅಡ್ಡ ಗಾಲಿಗಳು ಅದನ್ನು ಎರಡೂ ಕಡೆಯಿಂದ ಹಿಂಡಿ ಹಿಡಿದು ಹತ್ತುವ ಹಾಗೆ ಮಾಡಿದ್ದರು. ಇದಕ್ಕೆ ಫೆಲ್ ಪದ್ಧತಿ ಅಂತ ಹೆಸರು. ಅಂಥ ಎಂಜಿನ್ ಪ್ರಪಂಚದಲ್ಲಿ ಉಳಿದಿರುವುದು ಒಂದೇ, ಹತ್ತಿರದ ಫೆದರ್‌ಸ್ಟನ್ ಊರಿನ ಮ್ಯೂಸಿಯಂನಲ್ಲಿದೆ. ಮೊದಲು ಅದನ್ನು ನೋಡಿ ಆಮೇಲೆ ದಾರಿ ಹತ್ತಿ, ಮೊಣಕಾಲಿಗೆ ಅರ್ಥವಾಗುತ್ತದೆ. ಗಾಳಿಗೆ ಮಾತ್ರ ತಯಾರಾಗಿ ಹೋಗಿ. 1880ರಲ್ಲಿ ಅಲ್ಲಿನ ಸೈಬೀರಿಯಾ ತಿರುವಿನಲ್ಲಿ ಗಾಳಿಯೇ ಬೋಗಿಗಳನ್ನು ಹಳಿಯಿಂದ ಹಾರಿಸಿ ಮಕ್ಕಳು ಸತ್ತಿದ್ದರು.

ಅಮೆರಿಕದ ವಾಷಿಂಗ್ಟನ್ ರಾಜ್ಯದ ಐರನ್ ಗೋಟ್ ಟ್ರೇಲ್ ಇನ್ನೊಂದು. ಹಿಮಕ್ಕೆ ಸಿಕ್ಕಿ ದಿನಗಟ್ಟಲೆ ನಿಂತಿದ್ದ ಎರಡು ರೈಲುಗಳನ್ನು 1910ರ ಮಾರ್ಚ್ 1ರಂದು ಹಿಮಕುಸಿತ ಕಣಿವೆಗೆ ತಳ್ಳಿದ ಜಾಗ. 96 ಜನ ಸತ್ತರು. ಆಮೇಲೆ ಕಟ್ಟಿದ ಕಾಂಕ್ರೀಟಿನ ದೊಡ್ಡ ಹಿಮಛಾವಣಿಯ ಕೆಳಗೇ ದಾರಿ ಹೋಗುತ್ತದೆ. 1929ರಲ್ಲಿ ಕೆಳಗಡೆ ಉದ್ದದ ಸುರಂಗ ಬಂದ ಮೇಲೆ ಈ ಲೈನ್ ಬಿಟ್ಟರು. ಇಲ್ಲಿ ಹಳೇ ಸುರಂಗಗಳ ಒಳಗೆ ಹೋಗುವಂತಿಲ್ಲ, ಹೊರಗಿನಿಂದ ಇಣುಕಿ ಅಷ್ಟೇ.

ಕೈಯಲ್ಲಿ ಕೊರೆದ ಗೀರಿನ ವಿಷಯ ಹೇಳಿದೆನಲ್ಲ, ಅದಕ್ಕೆ ಹೆಸರಾದದ್ದು ಕ್ಯಾಲಿಫೋರ್ನಿಯಾದ ಡಾನರ್ ಪಾಸ್. ಸುಮಾರು 500 ಮೀಟರಿನ ಶಿಖರ ಸುರಂಗವನ್ನು ಚೀನಾದಿಂದ ಬಂದ ಕೆಲಸಗಾರರು ಗ್ರಾನೈಟಿನಲ್ಲಿ ಕೊರೆದರು. ಕಪ್ಪು ಮದ್ದಿನಲ್ಲಿ ದಿನಕ್ಕೆ ಒಂದಡಿ ಮುಂದೆ ಹೋದರೆ ಹೆಚ್ಚು. ಎರಡು ತುದಿಯಿಂದ ಸಾಲದೆ ಮಧ್ಯದಲ್ಲಿ ಬಾವಿ ತೋಡಿ ಇಳಿದು ಅಲ್ಲಿಂದಲೂ ಎರಡು ಕಡೆಗೆ ಕೊರೆದರು. 1867ರಲ್ಲಿ ಎಲ್ಲ ಸೇರಿಕೊಂಡವು. 1993ರಲ್ಲಿ ಆ ಹಳಿ ಕಿತ್ತರು, ಜಾಗ ಮಾತ್ರ ಈಗಲೂ ರೈಲ್ವೆ ಕಂಪನಿಯದ್ದೇ. ಜನ ನುಗ್ಗುತ್ತಾರೆ ಅಂತ ನೀವೂ ನುಗ್ಗಬೇಡಿ. ಸುತ್ತಲಿನ ಹಾದಿಗಳಿಂದಲೇ ಕೈಯಲ್ಲಿ ಕಟ್ಟಿದ ಕಲ್ಲು ಗೋಡೆ ಕಾಣುತ್ತದೆ.

ಏನೂ ತರಬೇಡಿ

ಮೇಲೆ ಬೂಟು ತೇಲಿಸಿಕೊಂಡ ತಮ್ಮನ ವಿಷಯವೇ. ಒಂದು ಸಲ ಬೆಳಿಗ್ಗೆ ಹೊರಟು ಎರಡು ಕಿಲೋಮೀಟರ್ ಬಂದಾದ ಮೇಲೆ ಜೇಬಿನಿಂದ ಮೊಳೆ ತೆಗೆದು ತೋರಿಸಿದ. ಎರಡಂಗುಲದ ಸಣ್ಣ ಮೊಳೆ, ತಲೆಯ ಮೇಲೆ 29 ಅಂತ ಅಂಕಿ. ಸ್ಲೀಪರ್ ಯಾವ ವರ್ಷ ಹಾಕಿದ್ದು ಅಂತ ಗೊತ್ತಾಗಲು ಅದಕ್ಕೆ ಹೊಡೆಯುತ್ತಿದ್ದ ವರ್ಷದ ಮೊಳೆ. ಅಂದರೆ ಅದು ಹೇಳುತ್ತಿದ್ದದ್ದು ತನ್ನ ವಯಸ್ಸಲ್ಲ, ತಾನು ಕೂತ ಮರದ ವಯಸ್ಸು. ಜೇಬಿನಲ್ಲಿ ಅದು ಬರೀ ಮೊಳೆ.

"ಹೋಗಿ ಇಟ್ಟು ಬಾ" ಅಂದೆ.

"ಎರಡು ಕಿಲೋಮೀಟರ್ ಅಕ್ಕಾ."

"ಚಪ್ಪಟೆ ದಾರಿ ಅಲ್ವಾ?"

ಗೊಣಗಿಕೊಂಡು ಹೋದ. ನಾನು ನೀರು ಕುದಿಸಿಕೊಂಡು ಕೂತೆ. ಮುಕ್ಕಾಲು ಗಂಟೆಗೆ ವಾಪಸ್ ಬಂದವನು ಫೋನಿನಲ್ಲಿ ಫೋಟೋ ತೋರಿಸಿದ. ಮೊಳೆ ಅದೇ ತೂತಿನಲ್ಲಿ ಕೂತಿತ್ತು, ಪಕ್ಕದಲ್ಲಿ ಅಳತೆಗೆ ಅವನ ಪೆನ್ನು. ಅದರ ಎಡಗಡೆಯ ಸ್ಲೀಪರಿನಲ್ಲಿ 31 ಅಂತ ಇನ್ನೊಂದು ಮೊಳೆ ಇತ್ತು. ಮೊದಲ ಸಲ ಅದು ಅವನ ಕಣ್ಣಿಗೇ ಬಿದ್ದಿರಲಿಲ್ಲವಂತೆ.